ಕತ್ತರಿ ಅಕ್ಕನ ಮುಂಗೈ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಕೂತ ಕತ್ತರಿ ಅಕ್ಕ ಚಿಮಟವೊಂದರಿಂದ ತಮ್ಮದೇ ಮುಂಗೈ ಚರ್ಮವನ್ನು ಮೆಲ್ಲಗೆ ಹಿಡಿದು ಬಿಡುತ್ತಾರೆ. ಕೆಂಪು ಗೆರೆ ಉಳಿಯುತ್ತದೆ. "ಇದು ಕಚ್ಚತ್ತೆ," ಎಂದು ಪಕ್ಕಕ್ಕಿಡುತ್ತಾರೆ.

ಇವರ ನಿಜವಾದ ಹೆಸರು ಇಲ್ಲಿ ಯಾರ ನಾಲಿಗೆಗೂ ಬರುವುದಿಲ್ಲ. ಹೆಸರು ಹೋಗಲಿ, ಮೇಲಿನ ಮಹಡಿಯ ಡಾಕ್ಟರುಗಳಲ್ಲಿ ಅರ್ಧ ಜನ ಮುಖವನ್ನೇ ನೋಡಿಲ್ಲ. ಆಪರೇಷನ್ನಿನ ಉಪಕರಣಗಳನ್ನು ತೊಳೆದು, ಪರೀಕ್ಷಿಸಿ, ಆವಿಯ ಯಂತ್ರಕ್ಕಿಟ್ಟು ಮೇಲೆ ಕಳಿಸುವುದು ಇವರ ಇಪ್ಪತ್ತೆರಡು ವರ್ಷದ ಕೆಲಸ. ದಿನಕ್ಕೆ ಹನ್ನೆರಡು ಟ್ರೇ, ಒಂದೊಂದರಲ್ಲೂ ನಲವತ್ತೆರಡು ಉಪಕರಣ. ಕತ್ತರಿಯನ್ನು ಒದ್ದೆ ಬಟ್ಟೆಯ ಮೇಲೆ ಆಡಿಸುತ್ತಾರೆ. ಒಂದೆಳೆ ತುಂಡಾಗದೆ ಉಳಿದರೂ ಕತ್ತರಿ ಸಾಣೆಗೆ ಹೋಗಬೇಕು. ಸೂಜಿ ಹಿಡಿಯುವ ಇಕ್ಕುಳದ ಬಾಯಿಗೆ ತಮ್ಮದೇ ತಲೆಗೂದಲು ಕೊಟ್ಟು ಎಳೆಯುತ್ತಾರೆ. ಜಾರಿದರೆ ಅದೂ ಹೊರಕ್ಕೆ. "ತಲೆ ಬೋಳಾಗೋಷ್ಟರಲ್ಲಿ ರಿಟೈರ್ ಆದ್ರೆ ಸಾಕು," ಎಂದು ನಗುತ್ತಾರೆ.

ಇವತ್ತು ಆ ನಗು ಬೇಗ ನಿಲ್ಲುತ್ತದೆ. ಒಂಬತ್ತು ಗಂಟೆಗೆ ಆಪರೇಷನ್ ಟೇಬಲ್ ಮೇಲೆ ಮಲಗುವವಳು ಅವರ ಒಬ್ಬಳೇ ಮಗಳು. ಕರುಳಿನಲ್ಲಿ ಗಂಟು. ರಜೆ ಹಾಕಿ ಮಗಳ ಜೊತೆ ಇರಿ ಎಂದು ದೊಡ್ಡ ಡಾಕ್ಟರೇ ಹೇಳಿ ಕಳಿಸಿದ್ದರು. ಅಕ್ಕ ಒಪ್ಪಿಲ್ಲ.

"ಬಾಗಿಲು ಕಾಯೋಕೆ ಅಳಿಯ ಇದಾನೆ. ಇದನ್ನ ಯಾರು ನೋಡ್ತಾರೆ? ಚರ್ಮ ಹಿಡಿಯೋಕೆ ಹಲ್ಲಿರೋ ಚಿಮಟ, ಕರುಳಿಗೆ ಹಲ್ಲಿಲ್ಲದ್ದು. ಕರುಳು ಅಂದ್ರೆ ಒದ್ದೆ ಕಾಗದ ಇದ್ದ ಹಾಗೆ. ತುದಿ ಒಂಚೂರು ಸೊಟ್ಟ ಇದ್ರೂ ಜಜ್ಜಿಹೋಗತ್ತೆ."

ಈಗ ಕಚ್ಚಿದ ಚಿಮಟ ಹಲ್ಲಿಲ್ಲದ್ದು, ಮಗಳ ಟ್ರೇಯದ್ದೇ. ಬೇರೊಂದನ್ನು ಹುಡುಕಿ, ಅದನ್ನೂ ಮುಂಗೈ ಮೇಲೆ ನೋಡಿ, ಮತ್ತೆ ತೊಳೆದು ಟ್ರೇಗೆ ಸೇರಿಸಿ, ಟ್ರೇಯನ್ನು ಆವಿಯ ಯಂತ್ರಕ್ಕಿಡುತ್ತಾರೆ.

ಹನ್ನೊಂದೂವರೆಗೆ ಆ ಟ್ರೇ ಕೆಳಗಿಳಿದು ಬರುತ್ತದೆ. ತಂದ ನರ್ಸ್ ಬಾಗಿಲಲ್ಲೇ, "ಅಕ್ಕಾ, ಎಲ್ಲ ಚೆನ್ನಾಗಾಯ್ತು. ಮಗಳು ಕಣ್ಣು ಬಿಟ್ಟು ನಿಮ್ಮನ್ನೇ ಕೇಳ್ತಿದಾಳೆ," ಎನ್ನುತ್ತಾಳೆ.

ಕತ್ತರಿ ಅಕ್ಕ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಆದರೂ "ಐದೇ ನಿಮಿಷ" ಎಂದು ಬೆರಳೆತ್ತಿ ತೋರಿಸಿ ಟ್ರೇಯ ಉಪಕರಣಗಳನ್ನು ಎಣಿಸುತ್ತಾರೆ. ನಲವತ್ತೆರಡೂ ಇವೆ. ಮಗಳ ರಕ್ತ ಹತ್ತಿದ ಉಪಕರಣಗಳನ್ನು ತಣ್ಣೀರಿಗೆ ಬಿಡುತ್ತಾರೆ. "ಯಾರ ರಕ್ತ ಆದ್ರೂ ಒಣಗೋಕೆ ಬಿಡಬಾರ್ದು. ಮೊದಲೇ ಬಿಸಿನೀರು ಹಾಕಿದ್ರೆ ಅಂಟ್ಕೊಂಡ್ಬಿಡತ್ತೆ."

ನರ್ಸ್ ಕೆಣಕುತ್ತಾಳೆ. "ಮಗಳ ಟ್ರೇ ಅಂತ ಇವತ್ತು ಸ್ವಲ್ಪ ಜಾಸ್ತಿನೇ ಜೋಪಾನ ಮಾಡಿದ್ರಿ, ಅಲ್ವಾ?"

ಕತ್ತರಿ ಅಕ್ಕ ನಲ್ಲಿ ನಿಲ್ಲಿಸಿ ಕೈ ಒರೆಸಿಕೊಳ್ಳುತ್ತಾರೆ.

"ಮಾಡೋಣ ಅಂತಲೇ ಕೂತೆ ಕಣಮ್ಮ. ದಿನಾ ಮಾಡೋದಕ್ಕಿಂತ ಜಾಸ್ತಿ ಮಾಡೋಕೆ ಏನೂ ಉಳಿದಿರ್ಲಿಲ್ಲ."