ದೊಡ್ಡತಾಯಮ್ಮನ ಸಹಿ

ಪಾಲಹಳ್ಳಿಯ ಹಾಲಿನ ಡೈರಿಯಲ್ಲಿ ಫ್ಯಾಟು ನೋಡುವ ಕೆಲಸ ದೊಡ್ಡತಾಯಮ್ಮನದು. ಹತ್ತನೇ ತರಗತಿವರೆಗೆ ಓದಿದ್ದಳು. ಹಾಲಿಗೆ ನೀರು ಬೆರೆಸಿ ತಂದವರು ಯಾರೇ ಆಗಲಿ, ಬೈಗುಳ ತಿನ್ನದೆ ಹೋಗುತ್ತಿರಲಿಲ್ಲ. ತೊಂಬತ್ತೈದನೇ ಇಸವಿಯಲ್ಲಿ ಅವಳಿಗೆ ಅಂಡಾಶಯದ ಕ್ಯಾನ್ಸರ್ ಬಂತು. ಆಪರೇಷನ್ ಆಯಿತು, ಇಂಜೆಕ್ಷನ್‌ಗಳಿಗೆ ತಲೆಗೂದಲೂ ಹೋಯಿತು. ಮರುವರ್ಷ ಗಡ್ಡೆ ಮತ್ತೆ ಬೆಳೆಯಿತು.

ಈ ಸಲ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಕೆಂಪು ಬಣ್ಣದ ಹೊಸ ಔಷಧಿ ಕೊಟ್ಟರು. ಎರಡನೇ ಸಲ ಹೋದಾಗ ಮಂಚಕ್ಕೆ ನೇತುಹಾಕಿದ್ದ ಕಾಗದ ತೆಗೆದು ಓದಿದಳು. ಇಂಗ್ಲಿಷು ಪೂರ್ತಿ ಬರದಿದ್ದರೂ ‘ಟ್ರಯಲ್’ ಎಂಬುದು, ಅಂದರೆ ಔಷಧಿ ಇನ್ನೂ ಪರೀಕ್ಷೆಯಲ್ಲಿದೆ ಎಂಬುದು ತಿಳಿಯಿತು. ಕೆಳಗೆ ಗಂಡ ಚಲುವಯ್ಯನ ಸಹಿ. ಕೇಳಿದರೆ, ಡಾಕ್ಟರು ಹಾಕು ಅಂದರು ಹಾಕಿದೆ, ಹೇಳಿದರೆ ನೀನು ಹೆದರುತ್ತೀಯ ಅಂತ ಸುಮ್ಮನಿದ್ದೆ ಎಂದ.

ಡಾಕ್ಟರು ಬರುವವರೆಗೆ ಅವಳು ಸೂಜಿ ಚುಚ್ಚಿಸಿಕೊಳ್ಳಲಿಲ್ಲ.

“ಕಾಯ್ಲೆ ನಂದು, ಮೈ ನಂದು, ಸೈನು ಮಾತ್ರ ಇವ್ರದಾ? ನಾನೇನು ಬಾಯಿಲ್ದಿರೋ ಎಮ್ಮೆನಾ ಸ್ವಾಮಿ?”

ಡಾಕ್ಟರು ಕುಳಿತು ವಿವರಿಸಿದರು. ಔಷಧಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳ್ಳೆಗಳಲ್ಲಿ ತುಂಬಿದ್ದಾರೆ. ಗಡ್ಡೆಯ ರಕ್ತನಾಳಗಳಲ್ಲಿ ಸಂದುಗಳಿರುವುದರಿಂದ ಗುಳ್ಳೆಗಳು ಅಲ್ಲಿ ಸೋರಿ ಉಳಿಯುತ್ತವೆ, ಬರೀ ಔಷಧಿಯಿಂದ ಹೃದಯಕ್ಕೆ ಬೀಳುವ ಪೆಟ್ಟು ಇದರಲ್ಲಿ ಕಡಿಮೆ. ದಿನವೂ ಹಾಲಿನ ಕೊಬ್ಬು ಅಳೆಯುವವಳಿಗೆ ಅದು ಸಲೀಸಾಗಿ ಅರ್ಥವಾಯಿತು. ಇಷ್ಟು ಹೇಳಲು ಹತ್ತು ನಿಮಿಷ ಸಾಕಾಯಿತಲ್ಲ ಎಂದು ಮತ್ತಷ್ಟು ಉರಿದುಹೋಯಿತು. ಹೇಳಿದ್ದೆಲ್ಲವನ್ನೂ ಕನ್ನಡದಲ್ಲಿ ಬರೆಸಿಕೊಂಡ ಮೇಲೆಯೇ ಸಹಿ ಹಾಕಿದಳು.

ನಾಲ್ಕನೇ ಸಲಕ್ಕೆ ಅಂಗೈ ಅಂಗಾಲು ಕೆಂಪಾಗಿ ಚರ್ಮ ಸುಲಿಯಿತು. ಡೈರಿಯ ಗಾಜಿನ ಕೊಳವೆ ಹಿಡಿಯಲಾಗಲಿಲ್ಲ. ಹೀಗಾಗಬಹುದೆಂದು ಡಾಕ್ಟರಿಗೆ ಮೊದಲೇ ಗೊತ್ತಿತ್ತಂತೆ. ಕಾಗದದಲ್ಲಿ ಮಾತ್ರ ಒಂದಕ್ಷರ ಇರಲಿಲ್ಲ. ಪಕ್ಕದ ಮಂಚದಲ್ಲಿ ಪಾಂಡವಪುರದ ಶಮ್ಸುನ್ನೀಸಾ ಅದೇ ಔಷಧಿಗೆ ಕಾಯುತ್ತಿದ್ದಳು. ಹೊಲಿಗೆ ಮಾಡಿ ಬದುಕುವವಳು. ದೊಡ್ಡತಾಯಮ್ಮ ಡಾಕ್ಟರ ಎದುರೇ ಅವಳಿಗೆ ಅಂಗೈ ಚಾಚಿದಳು.

“ನೋಡವ್ವ, ಇಂಗಾಯ್ತದೆ. ಇದ್ನೂ ಬರುಸ್ಕೊಂಡು ಆಮೇಲೆ ಸೈನ್ ಮಾಡು.”

ಡಾಕ್ಟರು ತಲೆ ಎತ್ತದೆ ತಮ್ಮ ಪೆನ್ನಿನಿಂದಲೇ ಶಮ್ಸುನ್ನೀಸಾಳ ಕಾಗದಕ್ಕೆ ಆ ಸಾಲು ಸೇರಿಸಿದರು.

ಔಷಧಿಯ ಪ್ರಮಾಣ ತಗ್ಗಿಸಿದ ಮೇಲೆ ಕೈ ವಾಸಿಯಾಯಿತು. ಗಡ್ಡೆಯೂ ಅರ್ಧಕ್ಕಿಳಿಯಿತು. ಅಷ್ಟರಲ್ಲಿ ಅದನ್ನು ತಯಾರಿಸುವ ಔಷಧಿ ಕಂಪನಿಯವರು ಪರೀಕ್ಷೆ ಮುಗಿಯಿತೆಂದು ಔಷಧಿ ಕಳಿಸುವುದನ್ನೇ ನಿಲ್ಲಿಸಿಬಿಟ್ಟರು. ಅಂಗಡಿಯಲ್ಲೆಲ್ಲೂ ಅದು ಸಿಗುತ್ತಿರಲಿಲ್ಲ. ಪರೀಕ್ಷೆ ಅವರದು ಮುಗಿದಿದೆ, ನನ್ನ ಕಾಯಿಲೆ ಮುಗಿದಿಲ್ಲ ಎಂದು ಅವಳು ಕಂಪನಿಗೆ ಮೂರು ಕಾಗದ ಬರೆದಳು. ಉತ್ತರ ಬರಲಿಲ್ಲ. ನಾಲ್ಕನೆಯದನ್ನು, ಗಡ್ಡೆ ಮತ್ತೆ ಬೆಳೆದು ನಿತ್ರಾಣದಿಂದ ಕೈ ಆಡದಾದಾಗ, ಅವಳು ಹೇಳಿದಂತೆ ಚಲುವಯ್ಯ ಬರೆದ. ತೊಂಬತ್ತೆಂಟರ ಯುಗಾದಿಗೆ ಮುಂಚೆ ಅವಳು ಸತ್ತಳು. ಆಮೇಲೂ ಅವನು ಕಂಪನಿಗೆ ಇನ್ನೆರಡು ಕಾಗದ ಹಾಕಿದ.