ಟೇಪಿನ ಸ್ತಮಾತಿಸ್

ಪಾತ್ರಾಸ್ ಪಟ್ಟಣದ ನಮ್ಮ ಸಂಶೋಧನಾಲಯದಲ್ಲಿ ಎಲ್ಲರಿಗೂ ಸೇರಿ ಒಂದೇ ದೊಡ್ಡ ಕಂಪ್ಯೂಟರ್. ಅದರಲ್ಲಿ ನಾವು ಬರೆದಿಟ್ಟದ್ದನ್ನೆಲ್ಲ ವಾರಕ್ಕೊಮ್ಮೆ ಟೇಪಿಗೆ ನಕಲು ಮಾಡುವವರು ಸ್ತಮಾತಿಸ್. ಆ ಯಂತ್ರದ ಕೋಣೆಯೊಳಗೆ ಕಾಫಿ ಲೋಟಕ್ಕೆ ಪ್ರವೇಶವಿಲ್ಲ, ಸ್ವಂತ ಹೆಂಡತಿ ಕಟ್ಟಿಕೊಟ್ಟ ಪಾಲಕ್ ಪಿಟಾಗೂ ಇಲ್ಲ. ಕಚೇರಿಗೆ ಬೆಂಕಿ ಬಿದ್ದರೂ ಒಂದು ಪ್ರತಿ ಉಳಿಯಲೆಂದು ಟೇಪನ್ನು ಹಸುಗೂಸಿನಂತೆ ಶಾಲಿನಲ್ಲಿ ಸುತ್ತಿ ಮನೆಗೊಯ್ಯುತ್ತಾರೆ. ಬಸ್ಸಿನಲ್ಲಿ ಅದಕ್ಕೂ ಒಂದು ಸೀಟು. ಬೆಳಗ್ಗೆ ಎದುರಾದವರನ್ನೆಲ್ಲ ಕೇಳುವುದು ಒಂದೇ: "ಏನಾದ್ರೂ ಕಳ್ಕೊಂಡ್ರಾ?" ಇಲ್ಲವೆಂದರೆ ಮುಖ ಬಾಡುತ್ತದೆ. "ಹಾಗಾದ್ರೆ ಏನಾದ್ರೂ ಒಂದು ಅಳಿಸಿ ನೋಡೋಣ, ವಾಪಸ್ ತಂದ್ಕೊಡ್ತೀನಿ." "ಬೆಳಬೆಳಗ್ಗೆ ಒಳ್ಳೇ ಕಾಟ ಕಣ್ರೀ ನಿಮ್ಮದು" ಎಂದು ಗೊಣಗುತ್ತಲೇ ಅಳಿಸುತ್ತೇವೆ. ಈ ಗೀಳು ಮೊದಲಿಂದ ಇದ್ದದ್ದಲ್ಲ. ಹಿಂದೊಮ್ಮೆ, ಒಬ್ಬರದನ್ನು ಬರೆದು ಮುಗಿಸಿದೊಡನೆ ಟೇಪು ತಾನಾಗಿ ಮತ್ತೆ ಆರಂಭಕ್ಕೆ ಸುತ್ತಿಕೊಳ್ಳುವಂತೆ ಅವರು ಹೊಂದಿಸಿಬಿಟ್ಟಿದ್ದರು. ಪ್ರತಿಯೊಬ್ಬರ ಬರಹವೂ ಹಿಂದಿನವರದರ ಮೇಲೇ ಕೂತು, ಕಂಪ್ಯೂಟರಿನ ಡಿಸ್ಕು ಕೆಟ್ಟ ದಿನ ಟೇಪಿನಲ್ಲಿ ಸಿಕ್ಕಿದ್ದು ಕೊನೆಯವರದು ಮಾತ್ರ. ಉಳಿದವರೆಲ್ಲ ಬೈದುಕೊಂಡು ಮತ್ತೆ ಬರೆದೆವು. ನಮ್ಮ ಎವ್ದೊಕಿಯಾಗೆ ಅದೂ ಆಗಲಿಲ್ಲ. ಆಕೆಯದು ದ್ವೀಪವೊಂದರ ಮುದಿ ಬೆಸ್ತರ ಬಾಯಿಂದ ಕೇಳಿ ಬರೆದ ಹಾಡುಗಳು, ಹಾಡಿದವರು ಆಗಲೇ ತೀರಿಹೋಗಿದ್ದರು. "ಇರ್ಲಿ ಬಿಡಿ, ಸ್ತಮಾತಿಸ್ ಅವ್ರೇ" ಎಂದಷ್ಟೇ ಅಂದು ಆಕೆ ಕೆಲಸ ಬಿಟ್ಟಳು. ಇಂದಿಗೂ ಹೊಸ ಟೇಪು ಪರೀಕ್ಷಿಸುವಾಗ ಸ್ತಮಾತಿಸ್ ಮೊದಲು ಹುಡುಕುವುದು ಎವ್ದೊಕಿಯಾಳ ಹಾಡುಗಳನ್ನೇ. ಅಂಥದ್ದೇನೂ ಇಲ್ಲ ಎಂದು ಪರದೆ ಹೇಳುತ್ತದೆ. "ಸರಿ" ಎಂದು ತಲೆಯಾಡಿಸಿ, ಆಮೇಲೆ ನಮ್ಮದನ್ನು ಹುಡುಕುತ್ತಾರೆ.