ಜೀನ್ಸ್ ಮೇಲೆ ತೆಗೆದ ಅಳತೆ

ನಿಮ್ಮಲ್ಲಿ ಚಿಕ್ಕವಳು ಹೋದ ರವಿವಾರ ಊಟಕ್ಕೆ ಕೂತಾಗ ಕೇಳಿದಳು: "ಅಜ್ಜಿ, ನಾನೂ ಅಕ್ಕನಂಗ ಮಣ್ಣಾಗ ಬೈಕ್ ಓಡಿಸಾಕ ಕಲೀತೀನಿ. ಆ ಮೊಣಕಾಲಿಗೆ ಕಟ್ಟೋ ಬ್ರೇಸ್ ಹಾಕ್ಕೊಂಡ್ರ ಏನೂ ಆಗಂಗಿಲ್ಲ, ಹೌದಿಲ್ಲೋ?"

ನಿಮ್ಮ ದೊಡ್ಡಕ್ಕ ತಟ್ಟೆಯಿಂದ ತಲೆ ಎತ್ತಲಿಲ್ಲ. ನಾನು ರೊಟ್ಟಿ ತರುತ್ತೇನೆಂದು ಎದ್ದು ಅಡುಗೆಮನೆಗೆ ಹೋದೆ. ರೊಟ್ಟಿ ಬುಟ್ಟಿ ನಿಮ್ಮ ನಡುವೆಯೇ ಇತ್ತು. ನೀವು ಉಳಿದವರು ಅದನ್ನು ಗಮನಿಸಲಿಲ್ಲ, ಅಕ್ಕ ಗಮನಿಸಿದಳು.

ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ ಎಂಬುದು ನಿಮಗೆ ಹೊಸದಲ್ಲ. ನಿಮ್ಮ ಸ್ನೇಹಿತರು ಮನೆಗೆ ಬಂದರೆ ನಾನು ಒಳಗೆ ಸೇರಿಕೊಳ್ಳುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅಕ್ಕನ ಕಾಲಿಗೆ ಪೆಟ್ಟಾದದ್ದು ನಿಮಗೆ ಗೊತ್ತು. ಅಂಗಡಿಯಲ್ಲಿ ಏನಾಯಿತು ಎಂಬುದನ್ನು ಅವಳು ಯಾರಿಗೂ ಹೇಳಿಲ್ಲ.

ಅವಳು ಬೇಗಂಪೇಟೆಯ ಆಫೀಸಿಗೆ ಸೇರಿದ ಮೇಲೆ ಈ ಹುಚ್ಚು ಹತ್ತಿತು. ಆಫೀಸಿನ ಗೆಳತಿಯೊಬ್ಬಳ ಜೊತೆ ರಜೆಯ ದಿನ ಊರಾಚೆ ಹೋಗುವಳು. ಅಲ್ಲಿ ಬಂಡೆಗಳ ನಡುವಿನ ಬಯಲಲ್ಲಿ ಮಣ್ಣಿನ ದಿಬ್ಬ, ತಿರುವು ಮಾಡಿ ಬೈಕ್ ಓಡಿಸುವುದನ್ನು ಕಲಿಸುತ್ತಾರೆ. ಮನೆಗೆ ಬರುವಾಗ ಹುಬ್ಬಿನವರೆಗೆ ಕೆಂಪು ಧೂಳು. ಆ ಧೂಳಿನ ಮುಖದಲ್ಲಿ ಅವಳು ನಗುವುದನ್ನು ನೋಡಲು ನಾನು ಸಂಜೆ ಬಾಗಿಲಲ್ಲೇ ಕೂಡುತ್ತಿದ್ದೆ. ನಿಮ್ಮಪ್ಪನಿಗೆ ಮಾತ್ರ ಅದು ಬೇಡವಾಗಿತ್ತು. ಬಾಲಾನಗರದ ಕಾರ್ಖಾನೆಯಲ್ಲಿ ಯಂತ್ರಕ್ಕೆ ಕೈ ಕೊಟ್ಟವರನ್ನು ಅವನು ಕಣ್ಣಾರೆ ಕಂಡವನು.

"ಮೊಣಕಾಲ ಒಮ್ಮೆ ಹೋತಂದ್ರ ಹೋತು. ಜೀವಮಾನ ಕುಂಟಾಕ ತಯಾರಿದ್ರ ಹೋಗು," ಎಂದ ಅವಳಿಗೆ.

ಅವಳು ಆ ಸಂಜೆ ನನ್ನ ಪಕ್ಕ ಕೂತು ಫೋನಿನಲ್ಲಿ ಈ ಬ್ರೇಸ್ ತೋರಿಸಿದಳು. ತೊಡೆಗೊಂದು, ಮೀನಖಂಡಕ್ಕೊಂದು ಗಟ್ಟಿ ಪಟ್ಟಿ. ನಡುವೆ ಮೊಣಕಾಲಿನ ಎರಡೂ ಬದಿಗೆ ಬಾಗಿಲಿನ ಬಿಜಾಗರಿಯಂಥ ಕೀಲು. ಕಾಲು ಹಿಂದೆ ಮುಂದೆ ಮಡಚುತ್ತದೆ, ಅಡ್ಡಕ್ಕೆ ಬಾಗುವುದಿಲ್ಲ. ನನಗೆ ಅದು ತುಂಬ ಹಿಡಿಸಿತು. ನಾನೇ ಮಗನ ಹತ್ತಿರ ಹೋಗಿ, "ಇದನ್ನ ಹಾಕ್ಕೊಂಡ್ರ ಏನೂ ಆಗಂಗಿಲ್ಲಪಾ, ಕೂಸಿನ ಮನಸ್ಸು ಮುರೀಬ್ಯಾಡ," ಎಂದೆ.

"ನಿನಗ ಅಷ್ಟು ಖಾತ್ರಿ ಐತೇನವ್ವ? ಹಂಗಾದ್ರ ನೀನೇ ಮುಂದ ನಿಂತು ಕೊಡಿಸು. ಆಮ್ಯಾಲೆ ಹೋಗಲಿ," ಎಂದ.

ಹೀಗೆ ನಾನು ಅವಳ ಜೊತೆ ಬ್ರೇಸ್ ಮಾರುವ ಆ ಅಂಗಡಿಗೆ ಹೋದೆ. ಚಳಿಗಾಲ. ಅವಳು ದಪ್ಪ ಜೀನ್ಸ್ ಹಾಕಿದ್ದಳು, ಒಳಗೆ ಬೆಚ್ಚಗಿರಲೆಂದು ಇನ್ನೊಂದು ಬಿಗಿ ಪ್ಯಾಂಟು. ಅಂಗಡಿ ತುಂಬ ಹೆಲ್ಮೆಟ್ಟು, ಕೈಗವಸು, ಬೂಟು. ಮೂಲೆಯಲ್ಲಿ ಕಾಲೇಜಿನ ಹುಡುಗರು ಜಾಕೆಟ್ ಹಾಕಿ ನೋಡುತ್ತ ಕನ್ನಡಿ ಮುಂದೆ ನಿಂತಿದ್ದರು. ಅಂಗಡಿಯವನು ನಿಮ್ಮಪ್ಪನ ವಯಸ್ಸಿನವನು, ಒಳ್ಳೆಯ ಮನುಷ್ಯ. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಟೇಪು ಹಿಡಿದು ಮುಂದೆ ಕುಕ್ಕರಗಾಲಲ್ಲಿ ಕೂತ. ತೊಡೆಯವರೆಗೆ ಕಾಲು ಬರಿದಾಗಬೇಕು, ಚರ್ಮದ ಮೇಲೇ ಅಳತೆ ತೆಗೆಯಬೇಕು, ಒಳಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಚಡ್ಡಿ ಇದೆ, ಹಾಕಿಕೊಂಡು ಬಾ ಬೇಟಿ ಎಂದ.

ಅವಳು ಎದ್ದಳು. ನಾನು ಅವಳ ಕೈ ಹಿಡಿದೆ.

ನನ್ನ ಕಾಲದ್ದನ್ನು ನಿಮಗೆ ಒಂದಿಷ್ಟು ಹೇಳಬೇಕು. ನಮ್ಮೂರಲ್ಲಿ ಹೆಂಗಸರ ಮೈಗೆ ಸಿಂಪಿಗ ಟೇಪು ಮುಟ್ಟಿಸುತ್ತಿರಲಿಲ್ಲ. ಹೊಸ ಕುಪ್ಪಸ ಬೇಕೆಂದರೆ ಹಳೆಯದೊಂದನ್ನು ಬಟ್ಟೆಯೊಳಗೆ ಸುತ್ತಿ ಕಳಿಸುವುದು. ಅದಕ್ಕೆ ಅಳತಿ ಕುಪ್ಪಸ ಎನ್ನುತ್ತಿದ್ದೆವು. ನನ್ನ ಮದುವೆಯ ಕುಪ್ಪಸವೂ ಹಾಗೆ ಬಂದದ್ದೇ. ಕಾಳು ಹಸನು ಮಾಡಲು ಕೂತರೂ ಮೊಣಕಾಲು ಕಾಣದಂತೆ ಸೀರೆ ಒತ್ತಿಕೊಂಡು ಕೂಡಬೇಕು. ಈ ಊರಿಗೆ ಬಂದು ಇಷ್ಟು ಕಾಲವಾದರೂ ನನ್ನ ಮೊಣಕಾಲು ನೋವನ್ನು ಡಾಕ್ಟರಿಗೆ ತೋರಿಸಿದ್ದು ಸೀರೆಯ ಮೇಲಿಂದಲೇ. ಅವರು ಮೇಲೆಯೇ ಒತ್ತಿ ನೋಡಿ ಮಾತ್ರೆ ಬರೆದರು.

"ಬಟ್ಟಿ ಮ್ಯಾಲೇ ತಗೋ ಅನ್ನು ಅವನಿಗೆ," ಎಂದೆ ಅವಳ ಕಿವಿಯಲ್ಲಿ.

"ಅಜ್ಜಿ, ಇದು ಕುಪ್ಪಸ ಅಲ್ಲಬೇ."

"ಆ ಹುಡುಗರು ನೋಡಾಕತ್ತಾರ."

"ಅವರು ತಮ್ಮನ್ನ ತಾವು ನೋಡ್ಕೊಳ್ಳಾಕತ್ತಾರ. ಕನ್ನಡಿ ಬಿಟ್ಟು ಈ ಕಡೆ ಒಬ್ಬನೂ ತಿರುಗಿಲ್ಲ."

ಅದು ನಿಜವೇ. ಆದರೆ ಅಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. ಅಂಗಡಿಯವನು ನನ್ನ ಮುಖ ನೋಡಿ, "ಅಮ್ಮಾ, ಜೀನ್ಸ್ ಕೆ ಊಪರ್ ನಾಪ್ ಬರಾಬರ್ ನೈ ಆತಾ," ಎಂದ. ಜೀನ್ಸ್ ಮೇಲೆ ಅಳತೆ ಸರಿಯಾಗಿ ಬರುವುದಿಲ್ಲ ಎಂದು ಸ್ಪಷ್ಟವಾಗಿಯೇ ಹೇಳಿದ. ನಾನು ತಲೆ ತಗ್ಗಿಸಿ ಸುಮ್ಮನೆ ನಿಂತೆ. ನನ್ನ ಮೌನ ಎಂಥ ಹಟದ್ದೆಂದು ನಿಮ್ಮಜ್ಜನಿಗೆ ಮಾತ್ರ ಪೂರಾ ಗೊತ್ತಿತ್ತು. ಅವಳು ನನ್ನನ್ನು ನೋಡಿದಳು, ಮತ್ತೆ ಸ್ಟೂಲಿನ ಮೇಲೆ ಕೂತಳು. "ಮ್ಯಾಲೇ ತಗೋರಿ ಭಯ್ಯಾ," ಎಂದಳು. ಅವನು ಬಟ್ಟೆಯ ಎರಡು ಪದರದ ಮೇಲೆ ಟೇಪು ಸುತ್ತಿದ. ಅಳತೆ ಪಟ್ಟಿಯಲ್ಲಿ ನೋಡಿ, ಮಧ್ಯಮ ಸೈಜಿನ ಪೆಟ್ಟಿಗೆ ಒಳಗಿಟ್ಟು ದೊಡ್ಡದನ್ನು ತಂದ.

ಬಯಲಿಗೆ ಹೋದ ದಿನ ನಾನೂ ಜೊತೆಗಿದ್ದೆ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂಡೆಯ ನೆರಳಲ್ಲಿ ಕೂತಿದ್ದೆ. ಅವಳು ಒಂದು ಸುತ್ತು ಬಂದು ನಿಲ್ಲುವಳು, ಬಗ್ಗಿ ಪ್ಯಾಂಟಿನ ಮೇಲಿಂದಲೇ ಬ್ರೇಸನ್ನು ಮೇಲಕ್ಕೆ ಎಳೆದುಕೊಳ್ಳುವಳು, ಮತ್ತೆ ಹೋಗುವಳು. ಒಳಗೆ ಬರಿಯ ಚರ್ಮದ ಮೇಲೆ ಕಟ್ಟಿದ್ದಳು, ಪಟ್ಟಿಗಳನ್ನು ಕೊನೆಯವರೆಗೆ ಬಿಗಿದರೂ ಅದು ಜಾರುತ್ತಿತ್ತು. ಮನೆಯಲ್ಲಿ ಹಾಕಿ ನೋಡಿದಾಗಲೇ ಅವಳಿಗೆ ಗೊತ್ತಾಗಿತ್ತಂತೆ. ಹೇಳಿದರೆ ನಾನು ನೊಂದುಕೊಳ್ಳುತ್ತೇನೆಂದು ಸುಮ್ಮನಿದ್ದಳು. ನಾನೋ, ಎಳೆದುಕೊಳ್ಳುವುದನ್ನು ಕಂಡು, ಇವಳ ವಯಸ್ಸಿನಲ್ಲಿ ನಾನು ಹೀಗೇ ಲಂಗ ಎಳೆದುಕೊಳ್ಳುತ್ತಿದ್ದೆ ಎಂದುಕೊಂಡು ಒಬ್ಬಳೇ ನಗುತ್ತಿದ್ದೆ.

ತಿರುವಿನಲ್ಲಿ ಬೈಕ್ ಜಾರಿತು. ವೇಗವೇನೂ ಇರಲಿಲ್ಲ. ಅವಳು ಕಾಲು ಕೆಳಗೆ ಊರಿದಳು. ಬೂಟು ಸಡಿಲ ಮಣ್ಣಿನಲ್ಲಿ ಹೂತು ನಿಂತಿತು, ಬೈಕು ಮತ್ತು ಅವಳ ಮೈ ಇನ್ನೊಂದು ಕಡೆಗೆ ತಿರುಗಿದವು. ಅವಳು ಕೂಗಲಿಲ್ಲ. ಬಿದ್ದಲ್ಲೇ ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡಳು.

ನಾನು ಹೋಗಿ ಮುಟ್ಟುವಷ್ಟರಲ್ಲಿ ಕಲಿಸುವ ಮಾಸ್ತರ ಅವಳ ಪ್ಯಾಂಟಿನ ಮೊಣಕಾಲ ಬದಿಯ ಜಿಪ್ಪು ತೆಗೆದಿದ್ದ. ಮೊಣಕಾಲಿನ ಪಕ್ಕದಲ್ಲಿರಬೇಕಾದ ಕೀಲು ಮೊಣಕಾಲಿನ ಕೆಳಗೆ, ಎಲುಬಿನ ಮೇಲಿತ್ತು. ಅವನು ತೆಲುಗಿನಲ್ಲಿ ಬೈದ. ಇಷ್ಟು ಸಡಿಲವಾದದ್ದನ್ನು ಯಾರು ಕೊಟ್ಟರು, ಅಳತೆ ಯಾರು ತೆಗೆದರು ಎಂದು ಕೇಳಿದ.

"ನಾನೇ ಸಣ್ಣಾಗೀನಿ ಸಾರ್," ಎಂದಳು ಅವಳು ತೆಲುಗಿನಲ್ಲೇ. ತುಟಿ ಬೆಳ್ಳಗಾಗಿತ್ತು. ನನ್ನ ಕಡೆ ನೋಡಲಿಲ್ಲ.

ಹೌದಪ್ಪ, ನಾನು ಮಾಡಿದ್ದು ಎನ್ನಲು ನನಗೆ ಆಗಲಿಲ್ಲ. ತೆಲುಗು ನನಗೆ ಬಾರದ್ದೇನಲ್ಲ.

ಎಡ ಮೊಣಕಾಲಿನ ಲಿಗಮೆಂಟ್ ಅರ್ಧ ಹರಿದಿದೆ, ಆಪರೇಶನ್ ಬೇಡ, ವ್ಯಾಯಾಮದಿಂದ ಬಲ ತುಂಬಬೇಕು ಎಂದರು ಆಸ್ಪತ್ರೆಯಲ್ಲಿ. ನಿಮ್ಮಪ್ಪ ನನ್ನನ್ನು ಒಂದು ಮಾತೂ ಅನ್ನಲಿಲ್ಲ. "ಬ್ರೇಸ್ ಹಾಕ್ಕೊಂಡಿದ್ದಳು, ಆದ್ರೂ ಹಿಂಗಾತು," ಎಂದು ಬಂದವರಿಗೆಲ್ಲ ಹೇಳಿದ. ಅವನ ಲೆಕ್ಕದಲ್ಲಿ ತಪ್ಪೆಲ್ಲ ಬ್ರೇಸಿನದು. ಆ ಮಾತು ಕೇಳಿದಾಗಲೆಲ್ಲ ನಾನು ಯಾವುದಾದರೂ ಪಾತ್ರೆ ತೊಳೆಯಲು ಹೋಗುತ್ತಿದ್ದೆ.

ವ್ಯಾಯಾಮ ಮಾಡಿಸಲು ಮಂಗಳೂರಿನ ಕಡೆಯ ಹುಡುಗಿಯೊಬ್ಬಳು ಸಿಕ್ಕಿದಳು. ಮಣಿಕೊಂಡದಲ್ಲಿ ಅವಳ ಸಣ್ಣ ಕ್ಲಿನಿಕ್. ಕನ್ನಡದವಳು, ಹೆಣ್ಣುಮಗಳು, ಹಾಗಾಗಿ ನನ್ನ ಬಾಯಿ ಬಿಚ್ಚಿತು. ಮೊದಲ ದಿನವೇ ಕೇಳಿದೆ: "ಆ ಬ್ರೇಸ್ ಹಾಕ್ಕೊಂಡ್ರ ಮೊಣಕಾಲ ಖರೇನ ಉಳೀತೈತೇನ್ರಿ?"

"ಹಾಗೆ ಗ್ಯಾರಂಟಿ ಹೇಳ್ಲಿಕ್ಕೆ ಆಗುದಿಲ್ಲ ಅಜ್ಜಿ," ಎಂದಳು ಅವಳು, ನಿಮ್ಮಕ್ಕನ ಹಿಮ್ಮಡಿ ಹಿಡಿದು ಕಾಲು ಎತ್ತಿಸುತ್ತ. "ಬದಿಯಿಂದ ಪೆಟ್ಟು ಬಿದ್ರೆ, ಮೊಣಕಾಲು ಅಡ್ಡ ಬಾಗಿದ್ರೆ ಸ್ವಲ್ಪ ತಡೀತದೆ. ಕಲ್ಲಿಗೆ ಬಡಿದ್ರೂ ಒಳ್ಳೇದು. ಆದ್ರೆ ಪಾದ ನೆಲದಲ್ಲಿ ಸಿಕ್ಕಿ ಮೈ ತಿರುಗಿತು ಅಂತಾದ್ರೆ, ಬ್ರೇಸ್ ಇದ್ದೂ ಹರಿದವರು ನನ್ನ ಹತ್ರ ಬಂದಿದ್ದಾರೆ."

ನಾನು ಮುಂದಕ್ಕೆ ಬಾಗಿದೆ. "ಹಂಗಾದ್ರ ಈಕಿಗೆ ಬಿಗಿ ಇದ್ದರೂ ಹರೀತಿತ್ತು?"

"ಹರೀಬಹುದಿತ್ತು. ಕಡಿಮೆ ಹರೀಬಹುದಿತ್ತು. ಏನೂ ಆಗದೇನೂ ಇರಬಹುದಿತ್ತು. ಬಿದ್ದ ಮೇಲೆ ಅದನ್ನು ಹೇಗೆ ಹೇಳುದು?"

ನನ್ನ ಕಿವಿ ಮೊದಲ ಮಾತನ್ನು ಮಾತ್ರ ಇಟ್ಟುಕೊಂಡಿತು. ಮನೆಗೆ ಬರುವಾಗ ಆಟೋದಲ್ಲಿ ನನಗೆ ಎದೆ ಹಗುರಾಗಿತ್ತು. ಮುಂದಿನ ಸಲ ಹೋದಾಗ ಮತ್ತೆ ಅದನ್ನೇ ಬೇರೆ ಮಾತಲ್ಲಿ ಕೇಳಿದೆ. ನೋಡಲು ಬಂದ ಮಾಸ್ತರನನ್ನು ಕೇಳಿದೆ. ಪಕ್ಕದ ಮನೆಯ ಹುಡುಗನಿಗೆ ಹೇಳಿ ಫೋನಿನಲ್ಲಿ ಹುಡುಕಿಸಿದೆ. ಕೆಲವರು ಕಾಪಾಡುತ್ತದೆ ಎನ್ನುತ್ತಾರೆ, ಕೆಲವರು ಅಷ್ಟೇನಿಲ್ಲ ಎನ್ನುತ್ತಾರೆ ಅಜ್ಜಿ ಎಂದ. ಅಷ್ಟೇನಿಲ್ಲ ಎನ್ನುವುದನ್ನು ಇನ್ನೊಮ್ಮೆ ಓದು ಎಂದೆ.

ಒಂದು ದಿನ ಕ್ಲಿನಿಕ್ಕಿನಲ್ಲಿ ನಾನು ಮತ್ತೆ ಬಾಯಿ ತೆರೆದಾಗ, ಮಂಚದ ಮೇಲೆ ಮಲಗಿದ್ದ ನಿಮ್ಮಕ್ಕ ಸೂರು ನೋಡುತ್ತಲೇ ಅಂದಳು:

"ಡಾಕ್ಟ್ರೇ, ನಮ್ಮಜ್ಜಿಗೆ ಒಂದ್ಸಲ 'ಬ್ರೇಸ್‌ನಿಂದ ಏನೂ ಉಪಯೋಗಿಲ್ಲ' ಅಂತ ಹೇಳಿಬಿಡ್ರಿ. ಆಗಾದ್ರೂ ಆಕಿ ನೆಟ್ಟಗ ಊಟ ಮಾಡ್ತಾಳ."

ಆ ಹುಡುಗಿ ನಕ್ಕಳು, ತಮಾಷೆ ಎಂದುಕೊಂಡು. ನಿಮ್ಮಕ್ಕನೂ ನಕ್ಕಳು. ನನಗೆ ಮಾತ್ರ ಸೆರಗು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಇವಳ ಕಾಲು ಯಾವಾಗ ಸರಿಹೋಗುತ್ತದೆ ಎಂದು ನಾನು ಅಷ್ಟು ದಿನದಲ್ಲಿ ಎಷ್ಟು ಸಲ ಕೇಳಿದ್ದೆ? ಬ್ರೇಸ್ ಬಗ್ಗೆ ಕೇಳಿದಷ್ಟಂತೂ ಅಲ್ಲ. ಕೂಸು ಕಾಲೆತ್ತಲು ಹಲ್ಲು ಕಚ್ಚುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ನನ್ನ ಬಿಡುಗಡೆ ಹುಡುಕುತ್ತಿದ್ದೆ. ಅಂಗಡಿಯಲ್ಲಿ ಆದದ್ದಕ್ಕೆ, ತಿಳಿಯದೆ ಆಯಿತು ಎಂದಾದರೂ ಹೇಳಿಕೊಳ್ಳಬಹುದು. ಇದಕ್ಕೆ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ಮೆಟ್ಟಿಲಿಳಿಯುವಾಗ ಅವಳು ನನ್ನ ಹೆಗಲು ಹಿಡಿದಿದ್ದಳು. "ಸಿಟ್ಟ ಬಂತೇನಬೇ?"

"ಇಲ್ಲವ್ವ. ನಾಚಿಕಿ ಬಂತು."

"ನಿನಗ ಅದು ಯಾವಾಗ ಇರಲಿಲ್ಲ ಹೇಳು," ಎಂದಳು.

ಆಮೇಲೆ ನಾನು ಯಾರನ್ನೂ ಕೇಳಲಿಲ್ಲ.

ಬೇಸಿಗೆ ಕಳೆದ ಮೇಲೆ ಆಸ್ಪತ್ರೆಯವರು ಅವಳಿಗೆ ಮತ್ತೆ ಓಡಿಸಬಹುದು ಎಂದರು, ಸರಿಯಾದ ಬ್ರೇಸ್ ಹಾಕಿಕೊಂಡು, ನಿಧಾನವಾಗಿ. ನಿಮ್ಮಪ್ಪ ಗೋಡೆ ಕಡೆ ಮುಖ ಮಾಡಿ ಕೂತ. ಅವಳು ಚಪ್ಪಲಿ ಮೆಟ್ಟುತ್ತ, "ಅಂಗಡಿಗೆ ಹೊಂಟೀನಿ. ಬರ್ತೀಯೋ, ಇಲ್ಲೇ ಅಳಾಕ ಕೂಡ್ತೀಯೋ?" ಎಂದು ನನ್ನನ್ನು ಕೇಳಿದಳು. ಹೊರಡುವ ಮೊದಲು ನಾನು ಮಗನ ಮುಂದೆ ನಿಂತು, ಅಂದು ಅಳತೆ ಜೀನ್ಸ್ ಮೇಲೆ ತೆಗೆಸಿದವಳು ನಾನೇ ಎಂದು ಹೇಳಿದೆ. ಅವನು ಗೋಡೆಯಿಂದ ನನ್ನ ಕಡೆ ತಿರುಗಿದ. "ಗೊತ್ತಿದ್ರ ನಾ ಬ್ರೇಸ್‌ಗೆ ಬೈತಿರಲಿಲ್ಲವ್ವ," ಎಂದಷ್ಟೇ ಅಂದ.

ಅದೇ ಅಂಗಡಿ, ಅದೇ ಮನುಷ್ಯ. ನನ್ನ ಗುರುತು ಹಿಡಿದು ಟೇಪನ್ನು ಕೈಯಲ್ಲೇ ಇಟ್ಟುಕೊಂಡು ನಿಂತ. ನಾನು ಕೈ ಚಾಚಿದೆ. ಬಟ್ಟೆ ಬದಲಿಸುವ ಕೋಣೆಯೊಳಗೆ ನಾನು, ಅವಳು; ಪರದೆಯ ಹೊರಗೆ ಅವನು. ಮೊಣಚಿಪ್ಪಿನ ನಡುವೆ ಪೆನ್ನಿನಿಂದ ಗುರುತು ಮಾಡಿ ಅಮ್ಮಾ ಎಂದ, ಮಾಡಿದೆ. ಅಲ್ಲಿಂದ ಮೇಲಕ್ಕೆ ಇಷ್ಟು ಹೋಗಿ ಎಂದ, ಹೋದೆ. ಟೇಪು ಚರ್ಮಕ್ಕೆ ತಾಗಿರಲಿ, ಕಚ್ಚಬಾರದು ಎಂದ. ನನ್ನ ಮೊಣಕಾಲು ನೆಲಕ್ಕೆ ಊರಿ ನೋಯುತ್ತಿತ್ತು. ಅವಳು ಚಿಕ್ಕವಳಿದ್ದಾಗ ಎಣ್ಣೆ ಹಚ್ಚಿ ಎರೆದ ಕಾಲು. ದೊಡ್ಡವಳಾದ ಮೇಲೆ ನಾನು ಅದನ್ನು ಬಟ್ಟೆಯಿಲ್ಲದೆ ನೋಡಿದ್ದು ಅಂದೇ.

ಬಲಗಾಲಿನ ಅಳತೆ ಹಿಂದಿಯಲ್ಲಿ ಕೂಗಿ ಹೇಳಿದೆ. ಎಡಗಾಲಿನದನ್ನೂ ಹೇಳಿದೆ.

"ಎರಡಕ್ಕೂ ಬಾಳ ಫರಕ್ ಬರ್ತಾ ಇದೆ ಅಮ್ಮಾ," ಎಂದ ಅವನು, ತನ್ನ ಹಿಂದಿಯಲ್ಲಿ, ಮೆತ್ತಗೆ. "ಎಲ್ಲೋ ತಪ್ಪಾಗಿದೆ. ಎಡಗಾಲಿಂದು ಇನ್ನೊಮ್ಮೆ ತಗೊಳ್ಳಿ."

ಮತ್ತೆ ಸುತ್ತಿದೆ. ಟೇಪು ಅದೇ ಅಂಕಿಯಲ್ಲಿ ಬಂದು ನಿಂತಿತು. ತಿಂಗಳುಗಟ್ಟಲೆ ಪೂರಾ ಭಾರ ಹೊರದ ತೊಡೆ ಸೊರಗಿತ್ತು. ಸೀರೆ, ಜೀನ್ಸ್ ಯಾವುದರ ಮೇಲಿಂದ ನೋಡಿದ್ದರೂ ನನಗೆ ಅದು ಕಾಣುತ್ತಿರಲಿಲ್ಲ. ನಾನು ಅಂಗೈಯನ್ನು ಅಲ್ಲೇ ಇಟ್ಟುಕೊಂಡೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟು, "ಹೇಳಬೇ, ಅವರು ಕಾಯಾಕತ್ತಾರ," ಎಂದಳು.

"ತಪ್ಪಿಲ್ಲಪ್ಪ," ಎಂದು ಪರದೆಯ ಆಚೆಗೆ ಕೇಳುವಂತೆ ಹಿಂದಿಯಲ್ಲೇ ಹೇಳಿದೆ. "ಅಳತಿ ಸರಿ ಐತಿ. ಕಾಲು ಎರಡೂ ಬ್ಯಾರೆ ಬ್ಯಾರೆ ಅವ. ಹಂಗೇ ಬರ್ಕೊ."

ಚಿಕ್ಕವಳೇ, ನಿನ್ನ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಇಷ್ಟೇ: ಕೆಲವು ಪೆಟ್ಟುಗಳಿಗೆ ಅದು ತಡೆಯಾಗುತ್ತದೆ, ಎಲ್ಲದಕ್ಕೂ ಆಗುವುದಿಲ್ಲ, ಸಡಿಲವಿದ್ದರೆ ಯಾವುದಕ್ಕೂ ಆಗುವುದಿಲ್ಲ. ಕಲಿಯಬೇಕೋ ಬೇಡವೋ ನಿಮ್ಮಪ್ಪನೊಡನೆ ಮಾತಾಡು, ಈ ಸಲ ನಾನು ನಡುವೆ ಬರುವುದಿಲ್ಲ. ಅವನು ಒಪ್ಪಿ ನೀನು ಅಂಗಡಿಗೆ ಹೋಗುವ ದಿನ ಚಡ್ಡಿ ಹಾಕಿಕೊಂಡು ಹೋಗು. ಟೇಪು ಯಾರ ಕೈಯಲ್ಲಿರಬೇಕು ಎಂಬುದನ್ನು ನೀನೇ ಹೇಳು. ನನ್ನನ್ನು ಕರೆದರೆ ಬರುತ್ತೇನೆ, ಕರೆಯದಿದ್ದರೆ ಕೇಳುವುದಿಲ್ಲ.